ಸೇರಿದವರು ಮತ್ತು ಸೇರದವರು: ಕರಾವಳಿಯ ಎರಡು ಕಾದಂಬರಿಗಳ ವಿವೇಚನೆ

೧

ಕನ್ನಡದಲ್ಲಿ ‘ಸೇರು’ ಎಂಬ ಧಾತುವಿನ ಬಳಕೆಯನ್ನು ಗಮನಿಸಿದರೆ ಒಂದು ಸ್ವಾರಸ್ಯ ಗೋಚರವಾಗುತ್ತದೆ. ‘ಆತನು ಸಂಘವನ್ನು ಸೇರಿದನು’ ಎಂದರೆ ಸಮಾನರ ನಡುವೆ ಒಬ್ಬನು ಬಂದು ಕೂಡಿಕೊಂಡನೆಂದು ಅರ್ಥ. ‘ಈ ಗದ್ದೆ ಅವರಿಗೆ ಸೇರಿದ್ದು’ ಎಂದರೆ ಅದೇ ಧಾತು ಒಡೆತನವನ್ನು ಸೂಚಿಸುತ್ತದೆ. ‘ಅವರಿಗೆ ಇವನು ಸೇರುವುದಿಲ್ಲ’ ಎಂದರೆ ಅದು ಮೆಚ್ಚಿಕೆಯಿಲ್ಲದಿರುವುದನ್ನು ಹೇಳುತ್ತದೆ. ಕೂಡುವುದು, ಒಡೆತನಕ್ಕೆ ಒಳಪಡುವುದು, ಮನಸ್ಸಿಗೆ ಒಪ್ಪಿಗೆಯಾಗುವುದು ಎಂಬ ಈ ಮೂರನ್ನೂ ನಮ್ಮ ಭಾಷೆ ಒಂದೇ ಮಾತಿನಲ್ಲಿ ಅಡಗಿಸಿಕೊಂಡಿದೆ. ಒಬ್ಬ ಮನುಷ್ಯನು ಸಮಾಜಕ್ಕೆ ಸೇರಿದವನೆಂದು ನಾವು ಹೇಳುವಾಗ ಈ ಮೂರರಲ್ಲಿ ಯಾವ ಅರ್ಥವನ್ನು ಉದ್ದೇಶಿಸುತ್ತೇವೆ? ಈ ಪ್ರಶ್ನೆ ವ್ಯಾಕರಣಕ್ಕೆ ಮಾತ್ರ ಸಂಬಂಧಿಸಿದುದಲ್ಲವೆಂಬುದನ್ನು ಕರಾವಳಿಯ ಎರಡು ಕಾದಂಬರಿಗಳು ನಮಗೆ ತಿಳಿಸಿಕೊಡುತ್ತವೆ.

ಅವುಗಳಲ್ಲಿ ಮೊದಲನೆಯದು ಶಿವರಾಮ ಕಾರಂತರ ‘ಚೋಮನ ದುಡಿ’ (೧೯೩೩). ಎರಡನೆಯದು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ (೧೯೮೪). ಇವೆರಡರ ನಡುವೆ ಅರ್ಧ ಶತಮಾನದ ಅಂತರವಿದೆ. ಒಂದರ ನಾಯಕನು ದಕ್ಷಿಣ ಕನ್ನಡದ ಹಳ್ಳಿಯೊಂದರಲ್ಲಿ ಒಡೆಯರ ಆಳಾಗಿ ಬಾಳಿದ ಹೊಲೆಯ. ಇನ್ನೊಂದರ ನಾಯಕಿ ಕಾಸರಗೋಡಿನ ಕಡೆಯ ಮುಸ್ಲಿಂ ಕುಟುಂಬದ ಹೆಣ್ಣುಮಗಳು. ಮೊದಲನೆಯದನ್ನು ಭೂಮಿಯ ಹಸಿವಿನ ಕಥೆಯೆಂದೂ ಎರಡನೆಯದನ್ನು ತಲಾಖಿನ ಸಮಸ್ಯೆಯ ಕಥೆಯೆಂದೂ ವರ್ಗೀಕರಿಸಿ, ತರಗತಿಗಳಲ್ಲಿ ಬೇರೆ ಬೇರೆ ಶೀರ್ಷಿಕೆಗಳ ಕೆಳಗೆ ಪಾಠ ಹೇಳುವುದು ನಮ್ಮಲ್ಲಿ ರೂಢಿಯಾಗಿದೆ. ಆ ವರ್ಗೀಕರಣದಿಂದ ಎರಡೂ ಕೃತಿಗಳಿಗೆ ಅನ್ಯಾಯವಾಗಿದೆಯೆಂಬುದು ಪ್ರಕೃತ ಲೇಖಕನ ಅಭಿಪ್ರಾಯ. ಇವೆರಡನ್ನೂ ಎದುರುಬದುರಾಗಿಟ್ಟು ಓದಿದಾಗ, ಸಮಾಜದೊಳಗೇ ಇದ್ದು ಅದರ ಹೊರಗಿನವರಾಗಿ ಬಾಳಬೇಕಾದವರ ಸಂಕಟವು ಇವುಗಳ ಸಮಾನ ವಸ್ತುವೆಂಬುದು ಮನದಟ್ಟಾಗುತ್ತದೆ.

೨

ಹೋಲಿಕೆಗೆ ಮುನ್ನ, ಮಂಗಳೂರಿನಲ್ಲೇ ಅಚ್ಚಾದ ಇನ್ನೂ ಹಳೆಯ ಕೃತಿಯೊಂದನ್ನು ನೆನೆಯುವುದು ಉಚಿತ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ೧೮೯೯ರಲ್ಲಿ ಬಾಸೆಲ್ ಮಿಷನ್ನಿನ ಮುದ್ರಣಾಲಯದಿಂದ ಹೊರಬಂದಿತು. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂಬ ಗೌರವ ಅದಕ್ಕೆ ಸಂದಿದೆ. ಅದರ ನಾಯಕಿ ಇಂದಿರೆ ಬಾಲವಿಧವೆ. ವೈಧವ್ಯವೆಂಬುದು ಅಂದಿನ ಸಮಾಜದಲ್ಲಿ ಹೆಣ್ಣನ್ನು ಮನೆಯೊಳಗೆ ಇಟ್ಟುಕೊಂಡೇ ಹೊರಗಿನವಳನ್ನಾಗಿ ಮಾಡುವ ವ್ಯವಸ್ಥೆಯಾಗಿತ್ತು. ಇಂದಿರೆ ಆ ಮನೆಯನ್ನು ಬಿಟ್ಟು ಬರುತ್ತಾಳೆ. ಅಮೃತರಾಯನ ಆಶ್ರಯದಲ್ಲಿ ವಿದ್ಯಾವಂತೆಯಾಗುತ್ತಾಳೆ. ಭಾಸ್ಕರನನ್ನು ವರಿಸಿ ಹೊಸ ಬಾಳನ್ನು ಕಟ್ಟಿಕೊಳ್ಳುತ್ತಾಳೆ. ಒಂದು ಬಾಗಿಲು ಮುಚ್ಚಿದರೆ ಮತ್ತೊಂದು ತೆರೆದಿದೆಯೆಂಬ ವಿಶ್ವಾಸದ ಮೇಲೆ ಆ ಕಾದಂಬರಿ ನಿಂತಿದೆ.

ಈ ವಿಶ್ವಾಸ ಎಲ್ಲಿಂದ ಬಂದಿತೆಂದು ಕೇಳಬೇಕು. ೧೮೩೪ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದ ಮೇಲೆ ಶಾಲೆ, ಮುದ್ರಣಾಲಯ, ನೇಯ್ಗೆ, ಹೆಂಚಿನ ಕಾರ್ಖಾನೆ ಇವೆಲ್ಲ ಕ್ರಮವಾಗಿ ನೆಲೆಗೊಂಡವು. ನ್ಯಾಯಾಲಯ ಮತ್ತು ಸರಕಾರಿ ಕಚೇರಿಗಳ ಸುತ್ತ ವಿದ್ಯಾವಂತರ ಹೊಸ ಗುಂಪೊಂದು ಬೆಳೆಯಿತು. ಜಾತಿಯ ಹಿರಿಯರು ಹೊರಗಿಟ್ಟರೂ ಬದುಕಬಲ್ಲ, ಸ್ವಂತ ಸಂಪಾದನೆಯುಳ್ಳ ಗುಂಪು ಅದು. ಇಂದಿರೆ ಸೇರಿದ್ದು ಆ ಗುಂಪನ್ನು. ಆಕೆಗೆ ಆಶ್ರಯ ಕೊಟ್ಟವರು ಆಕೆಯ ವರ್ಗಕ್ಕೇ ಸೇರಿದವರು. ಆಕೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದಳೇ ಹೊರತು ಒಂದು ಕೇರಿಯಿಂದ ಇನ್ನೊಂದು ಕೇರಿಗೆ ಹೋಗಲಿಲ್ಲ. ಇದನ್ನು ಆ ಕೃತಿಯ ದೋಷವೆಂದು ಎಣಿಸಬೇಕಾಗಿಲ್ಲ. ಸುಧಾರಣೆಯ ಬೆಳಕು ಎಲ್ಲಿಯವರೆಗೆ ಹರಿಯಿತೆಂಬುದನ್ನು ಅಳೆಯಲು ಅದು ನಮಗೊಂದು ಗುರುತುಗಲ್ಲಾಗಿದೆ. ಮುಂದಿನ ಎರಡು ಕಾದಂಬರಿಗಳು ಆ ಗಲ್ಲಿನ ಆಚೆಯ ನೆಲದಲ್ಲಿ ನಡೆಯುತ್ತವೆ.

೩

ಚೋಮನು ಸಂಕಪ್ಪಯ್ಯನ ಮೂಲದಾಳು. ಅವನಿಗೆ ಚನಿಯ, ಗುರುವ, ಕಾಳ, ನೀಲ ಎಂಬ ನಾಲ್ವರು ಗಂಡುಮಕ್ಕಳು. ಬೆಳ್ಳಿ ಎಂಬ ಮಗಳು. ಕಾಡಿನಲ್ಲಿ ದಿಕ್ಕುತಪ್ಪಿ ಸಿಕ್ಕಿದ ಜೋಡಿ ಎತ್ತುಗಳನ್ನು ಅವನು ಸಾಕಿಕೊಂಡಿದ್ದಾನೆ. ತುಂಡು ಗದ್ದೆಯನ್ನು ಗೇಣಿಗೆ ಪಡೆದು ಬೇಸಾಯಗಾರನೆನಿಸಿಕೊಳ್ಳಬೇಕೆಂಬುದು ಅವನ ಜನ್ಮದ ಆಸೆ. ಹೊಲೆಯನಿಗೆ ಗೇಣಿ ಕೊಡುವ ಪದ್ಧತಿ ಊರಿನಲ್ಲಿಲ್ಲ. ಸಂಕಪ್ಪಯ್ಯನಲ್ಲಿ ಕನಿಕರ ಇಲ್ಲದೆ ಇಲ್ಲ. ಆದರೆ ಮನೆಯ ಹಿರಿಯರ ಮಾತನ್ನೂ ಊರಿನ ರೂಢಿಯನ್ನೂ ಮೀರುವ ಧೈರ್ಯ ಆ ಕನಿಕರಕ್ಕಿಲ್ಲ.

ಚೋಮನನ್ನು ಸಮಾಜದ ಹೊರಗಿನವನೆಂದು ಬಣ್ಣಿಸುವ ವಿಮರ್ಶೆ ಇಲ್ಲಿ ಒಂದು ಮುಖ್ಯಾಂಶವನ್ನು ಮರೆಯುತ್ತದೆ. ಊರಿನ ಗದ್ದೆಯಲ್ಲಿ ಅವನ ಬೆವರಿದೆ. ಊರಿನ ಅನ್ನದಲ್ಲಿ ಅವನ ದುಡಿಮೆಯಿದೆ. ಅವನಿಲ್ಲದೆ ಆ ಊರಿನ ಬೇಸಾಯ ನಡೆಯದು. ಒಡೆಯನ ಲೆಕ್ಕದಲ್ಲಿ ಅವನು ನಿಶ್ಚಯವಾಗಿಯೂ ‘ಸೇರಿದವನು’. ಗದ್ದೆ ಯಾವ ಅರ್ಥದಲ್ಲಿ ಸೇರಿದೆಯೋ ಆ ಅರ್ಥದಲ್ಲಿ. ಹಾಗೆ ನೋಡಿದರೆ ಚೋಮನಷ್ಟು ಬಿಗಿಯಾಗಿ ಆ ಊರಿಗೆ ಕಟ್ಟುಬಿದ್ದವರು ಬೇರೆ ಇಲ್ಲ. ಅವನಿಗೆ ದೊರೆಯದೆ ಹೋದದ್ದು ಕೂಡಿಕೊಳ್ಳುವ ಹಕ್ಕು. ಅವನು ಬಯಸಿದ ಗೇಣಿಯ ತುಂಡು ಹೊಟ್ಟೆಯ ಪ್ರಶ್ನೆ ಮಾತ್ರವಾಗಿರಲಿಲ್ಲ. ಕೂಲಿಯಿಂದಲೂ ಹೊಟ್ಟೆಯನ್ನು ಹೇಗೋ ಹೊರೆಯಬಹುದು. ಗೇಣಿಯೆಂದರೆ ಒಡೆಯನೊಡನೆ ಒಂದು ಒಪ್ಪಂದ; ಒಪ್ಪಂದ ಮಾಡಿಕೊಳ್ಳುವವನು ಇನ್ನೊಬ್ಬನ ಸೊತ್ತಾಗಿ ಉಳಿಯಲಾರನು. ಒಡೆಯನ ಮನೆಯವರಿಗೆ ಈ ಸೂಕ್ಷ್ಮ ಚೋಮನಿಗಿಂತ ಚೆನ್ನಾಗಿ ತಿಳಿದಿತ್ತು.

ತೀರದ ಸಾಲವು ಮಕ್ಕಳನ್ನು ಘಟ್ಟದ ಕಾಫಿ ತೋಟಕ್ಕೆ ಅಟ್ಟುತ್ತದೆ. ಚನಿಯನು ಜ್ವರದಿಂದ ಸಾಯುತ್ತಾನೆ. ಗುರುವನು ಕ್ರೈಸ್ತ ಹುಡುಗಿಯನ್ನು ಮೆಚ್ಚಿ ಮತಾಂತರ ಹೊಂದುತ್ತಾನೆ. ನೀಲನು ನೀರಿನಲ್ಲಿ ಮುಳುಗುವಾಗ ದಡದಲ್ಲಿ ಜನರಿರುತ್ತಾರೆ. ಹೊಲೆಯನ ಮಗುವನ್ನು ಮುಟ್ಟಿ ಮೇಲೆತ್ತಲು ಯಾರೂ ಇಳಿಯುವುದಿಲ್ಲ. ಇಡೀ ಕಾದಂಬರಿಯ ಕೇಂದ್ರ ಈ ಪ್ರಸಂಗವೆಂದು ನನಗೆ ತೋರುತ್ತದೆ. ಅಲ್ಲಿ ಯಾರೂ ಕೊಲೆಗಾರರಲ್ಲ, ಯಾರೂ ದ್ವೇಷದ ಮಾತನ್ನಾಡುವುದಿಲ್ಲ. ನಿಯಮವೊಂದು ತನ್ನ ಪಾಡಿಗೆ ತಾನು ನಡೆಯುತ್ತದೆ, ಮಗುವೊಂದು ಸಾಯುತ್ತದೆ. ಹೊರಗಿಡುವಿಕೆಯ ಕ್ರೌರ್ಯವು ಕ್ರೂರಿಗಳನ್ನು ಅಪೇಕ್ಷಿಸುವುದಿಲ್ಲವೆಂಬುದನ್ನು ಕಾರಂತರು ವ್ಯಾಖ್ಯಾನದ ಗೊಡವೆಯಿಲ್ಲದೆ ತೋರಿಸಿದ್ದಾರೆ.

ಕೊನೆಯಲ್ಲಿ ಚೋಮನು ತಾನೂ ಮತಾಂತರ ಹೊಂದಿ ನೆಲ ಪಡೆಯಲು ಹೊರಡುತ್ತಾನೆ. ದಾರಿಯಲ್ಲಿ ಅವನ ಮನಸ್ಸು ತನ್ನ ದೈವವಾದ ಪಂಜುರ್ಲಿಯ ಕಡೆಗೆ ಹೊರಳಿ, ಅವನು ಹಿಂದಿರುಗುತ್ತಾನೆ. ಇದನ್ನು ಮೂಢಭಕ್ತಿಯೆಂದು ಟೀಕಿಸುವವರೂ, ಸ್ವಧರ್ಮನಿಷ್ಠೆಯೆಂದು ಕೊಂಡಾಡುವವರೂ ಇದ್ದಾರೆ. ಎರಡೂ ಮಾತು ಪೂರ್ತಿ ಸರಿಯೆನಿಸುವುದಿಲ್ಲ. ಚೋಮನಿಗೆ ‘ನನ್ನದು’ ಎಂದು ಹೇಳಿಕೊಳ್ಳಲು ಲೋಕದಲ್ಲಿ ಇದ್ದುದೇ ಸ್ವಲ್ಪ: ಎತ್ತು, ದುಡಿ, ಮಕ್ಕಳು, ದೈವ. ಎತ್ತಿಗೆ ನೆಲವಿಲ್ಲ, ಮಕ್ಕಳು ಒಬ್ಬೊಬ್ಬರಾಗಿ ಕೈಬಿಟ್ಟರು. ಉಳಿದ ದೈವವನ್ನು ಕೊಟ್ಟು ನೆಲವನ್ನು ಕೊಳ್ಳಬೇಕೆಂಬ ವ್ಯಾಪಾರದಲ್ಲಿ, ಸೇರುವುದಕ್ಕಾಗಿ ತನಗೆ ಸೇರಿದುದನ್ನೇ ಕಳೆದುಕೊಳ್ಳಬೇಕಾದ ಇಕ್ಕಟ್ಟು ಅವನಿಗೆ ಎದುರಾಗುತ್ತದೆ. ಅವನ ಹಿಂಜರಿತಕ್ಕೆ ಕಾರಣ ಈ ಇಕ್ಕಟ್ಟು.

ಮರಳಿ ಬಂದಾಗ ಬೆಳ್ಳಿಯು ತೋಟದ ಮನ್ವೇಲನೊಡನಿರುವುದನ್ನು ಕಾಣುತ್ತಾನೆ; ಮಗಳ ಮೇಲೆ ಅವನ ಕೋಪ ಹರಿಯುತ್ತದೆ. ಬಳಿಕ ಜೀವ ಹೋಗುವವರೆಗೂ ದುಡಿಯನ್ನು ಬಾರಿಸುತ್ತಾನೆ. ಚೋಮನ ದೇಹವನ್ನು ಮುಟ್ಟದ ಊರು ಅವನ ದುಡಿಯ ಸದ್ದನ್ನು ತಡೆಯಲಾರದು, ಸದ್ದಿಗೆ ಮೈಲಿಗೆಯಿಲ್ಲ. ಆದರೆ ಆ ಸದ್ದನ್ನು ಕೇಳಿ ಯಾರೂ ಬರಲಿಲ್ಲವೆಂಬುದನ್ನೂ ನಾವು ಮರೆಯಕೂಡದು.

೪

‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾ ಹೊರನೋಟಕ್ಕೆ ಚೋಮನ ವಿರುದ್ಧ ತುದಿಯಲ್ಲಿ ನಿಂತವಳು. ಆಕೆಗೆ ಮನೆಯಿದೆ, ತಂದೆತಾಯಿಗಳಿದ್ದಾರೆ, ಒಲಿದ ಗಂಡನಿದ್ದಾನೆ, ಮಗುವಿದೆ. ಆಕೆಯನ್ನು ಯಾರೂ ಮುಟ್ಟಬಾರದವಳೆಂದು ಎಣಿಸುವುದಿಲ್ಲ. ಹಾಗಿದ್ದೂ ತಂದೆ ಮಹಮ್ಮದ್ ಖಾನನಿಗೂ ಅಳಿಯ ರಶೀದನಿಗೂ ಹಣದ ವಿಷಯದಲ್ಲಿ ಮನಸ್ತಾಪವಾದಾಗ, ತಂದೆಯು ಮಗಳನ್ನು ತನ್ನ ಮನೆಗೆ ಕರೆತಂದು, ಆಕೆಯ ಇಚ್ಛೆಗೆ ವಿರುದ್ಧವಾಗಿ ತಲಾಖ್ ಆಗುವಂತೆ ಮಾಡುತ್ತಾನೆ. ಮುಂದೆ ಗಂಡಹೆಂಡಿರು ಮತ್ತೆ ಕೂಡಬೇಕೆಂದಾಗ, ಆಕೆ ಇನ್ನೊಬ್ಬನನ್ನು ಮದುವೆಯಾಗಿ, ಅವನೊಡನೆ ಒಂದು ರಾತ್ರಿ ಕಳೆದು, ಅವನಿಂದ ತಲಾಖ್ ಪಡೆದ ಮೇಲೆಯೇ ಮೊದಲ ಗಂಡನಿಗೆ ಸಲ್ಲಬಹುದೆಂಬ ವಿಧಿ ಅಡ್ಡ ಬರುತ್ತದೆ. ನಾದಿರಾ ಆ ರಾತ್ರಿಯನ್ನು ಒಪ್ಪದೆ ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ.

ಇಲ್ಲಿಯೂ ‘ಸೇರು’ ಧಾತುವಿನ ಕ್ರೂರ ವ್ಯಂಗ್ಯವಿದೆ. ನಾದಿರಾ ಮೊದಲು ತಂದೆಗೆ ಸೇರಿದವಳು, ಆಮೇಲೆ ಗಂಡನಿಗೆ, ಮತ್ತೆ ತಂದೆಗೆ. ಕೊನೆಗೆ ಹೆಸರು ಮಾತ್ರದ ಗಂಡನೊಬ್ಬನಿಗೆ ಒಂದು ದಿನದ ಮಟ್ಟಿಗೆ ಸೇರಬೇಕಾದವಳು. ಈ ಕೈಬದಲಾವಣೆಗಳ ನಡುವೆ ಆಕೆ ತನಗೆ ತಾನು ಸೇರಿದ ಕ್ಷಣವೇ ಇಲ್ಲ. ಚೋಮನಂತೆ ಆಕೆಗೂ ಸಮಾಜದಲ್ಲಿ ಸ್ಥಾನವುಂಟು, ನೆಲೆಯಿಲ್ಲ. ಸ್ಥಾನವನ್ನು ಇತರರು ಕೊಡುತ್ತಾರೆ, ಹಿಂದೆಗೆಯಲೂ ಬಲ್ಲರು. ನೆಲೆ ತಾನಾಗಿ ಕಾಲೂರಿ ನಿಂತ ಜಾಗ. ಈ ಭೇದವನ್ನು ಒಪ್ಪಿಕೊಂಡರೆ, ಹೊಲೆಗೇರಿಯ ಮುದುಕನೂ ಉಳ್ಳವರ ಮನೆಯ ತರುಣಿಯೂ ಒಂದೇ ಪ್ರಶ್ನೆಯ ಎರಡು ಮುಖಗಳೆಂಬುದು ಸ್ಪಷ್ಟವಾಗುತ್ತದೆ.

ನೀಲನೂ ನಾದಿರಾಳೂ ನೀರಿನಲ್ಲಿಯೇ ಸಾಯುತ್ತಾರೆಂಬ ಸಾಮ್ಯವನ್ನು ಆಕಸ್ಮಿಕವೆಂದು ಬಿಡಬಹುದು. ಆದರೆ ಚಂದ್ರಗಿರಿ ಹೊಳೆಯ ವಿಚಾರ ಹಾಗಲ್ಲ. ತಂದೆಯ ಮನೆ ಒಂದು ದಡದಲ್ಲಿದ್ದರೆ ಗಂಡನ ಮನೆ ಇನ್ನೊಂದು ದಡದಲ್ಲಿದೆ. ದೋಣಿಯಲ್ಲಿ ದಾಟಬಹುದಾದ ಹೊಳೆಯನ್ನು ನಾದಿರಾ ದಾಟಲಾರಳು. ಈ ಹೊಳೆಗೆ ಕಾದಂಬರಿಯ ಹೊರಗೂ ಒಂದು ಚರಿತ್ರೆಯಿದೆ. ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿತು. ೧೯೬೭ರ ಮಹಾಜನ ಆಯೋಗದ ವರದಿಯು ಚಂದ್ರಗಿರಿಯ ಉತ್ತರದ ಭಾಗವನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು, ಅದು ಕಾರ್ಯಗತವಾಗಲಿಲ್ಲ. ಅಲ್ಲಿಯ ಕನ್ನಡಿಗರು ತಮ್ಮ ಮನೆಯಂಗಳದಲ್ಲಿಯೇ ಭಾಷೆಯ ಅಲ್ಪಸಂಖ್ಯಾತರಾದರು. ೧೯೩೬ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ಮಂಗಳೂರಿನಲ್ಲಿ ನೆಲಸಿ, ೨೦೨೩ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡ ಲೇಖಕಿಗೆ ಈ ಬಗೆಯ ಸೇರುವಿಕೆಯ ತೊಡಕುಗಳು ಹೊಸವಾಗಿರಲಾರವು. ಮಲಯಾಳವನ್ನು ಮನೆಮಾತಾಗಿ ಉಳ್ಳವರು ಕನ್ನಡವನ್ನು ಬರವಣಿಗೆಗೆ ಆರಿಸಿಕೊಂಡದ್ದು, ಮುಸ್ಲಿಂ ಸಮುದಾಯದ ಹೆಣ್ಣುಮಗಳೊಬ್ಬಳು ತನ್ನವರ ಮನೆಯ ಒಳಗನ್ನು ಕುರಿತು ಬರೆದದ್ದು ಇವು ಎರಡೂ ಅಂದು ಅಪರೂಪದ ಸಂಗತಿಗಳು. ಕೃತಿ ಹೊರಬಂದ ಮೇಲೆ ಅವರು ಸಮುದಾಯದ ಕೆಲವರ ವಿರೋಧವನ್ನು ಎದುರಿಸಬೇಕಾಯಿತು. ನಾದಿರಾಳ ಕಥೆಯನ್ನು ಹೇಳಿದವರು ಹೇಳಿದ ಕಾರಣಕ್ಕೇ ಹೊರಗಿನವರಾಗಬೇಕಾದ ಸಂದರ್ಭವದು.

ಈ ಕಾದಂಬರಿಯನ್ನು ಪ್ರಚಾರಪ್ರಧಾನವೆಂದು ಬದಿಗಿಡುವವರಿಗೆ ಒಂದು ಉತ್ತರ ಕೊಡಬೇಕಾಗುತ್ತದೆ. ಪಾತ್ರಗಳ ಮನಸ್ಸಿನ ಒಳಗನ್ನು ಬಿಡಿಸುವುದರಲ್ಲಿ, ಭಾಷೆಯ ಬಿಗಿಯಲ್ಲಿ ಇದು ಕಾರಂತರ ಕೃತಿಗೆ ಸಮನಲ್ಲವೆಂಬುದನ್ನು ಒಪ್ಪಬಹುದು. ತಂದೆಯ ಪಾತ್ರದ ಕಾಠಿಣ್ಯವು ಕೆಲವೆಡೆ ಒಂದೇ ಬಣ್ಣದಲ್ಲಿ ಬರೆದಂತಿದೆ. ಆದರೆ ಅದರ ಮುಕ್ತಾಯದಲ್ಲಿ ಪ್ರಚಾರಕರಿಗೆ ಸಾಧ್ಯವಾಗದ ಒಂದು ಅರಿವಿದೆ. ನಾದಿರಾ ಮಸೀದಿಗೆ ಬೆನ್ನು ತಿರುಗಿಸಿ ಓಡಿಹೋಗುವುದಿಲ್ಲ. ಮಸೀದಿಯ ಕೊಳಕ್ಕೇ ಬರುತ್ತಾಳೆ. ಚೋಮನು ಪಂಜುರ್ಲಿಯ ಕಡೆಗೆ ಮರಳಿದಂತೆ ಇವಳೂ ತನ್ನ ನಂಬಿಕೆಯ ಅಂಗಳಕ್ಕೆ ಮರಳುತ್ತಾಳೆ. ಹೊರಗಿಡಲ್ಪಟ್ಟವರು ಸಮಾಜವನ್ನು ನಿರಾಕರಿಸುತ್ತಾರೆಂಬ ನಮ್ಮ ಸಾಮಾನ್ಯ ಊಹೆಯನ್ನು ಎರಡೂ ಕೃತಿಗಳು ಸುಳ್ಳು ಮಾಡುತ್ತವೆ. ಅವರು ತಮ್ಮ ಸಾವಿನಲ್ಲಿಯೂ ಅದು ತಮ್ಮದೆಂದು ಸಾಧಿಸುತ್ತಾರೆ. ನಿರಾಕರಣೆ ಇರುವುದು ಇನ್ನೊಂದು ಪಕ್ಷದಲ್ಲಿ.

೫

ಎರಡು ಕಾದಂಬರಿಗಳಲ್ಲಿಯೂ ಬರೆಯದೆ ಉಳಿದುದು ಏನೆಂದು ಈಗ ಕೇಳಬಹುದು. ‘ಚೋಮನ ದುಡಿ’ಯಲ್ಲಿ ಗುರುವನು ಮತಾಂತರ ಹೊಂದಿದ ಮೇಲೆ ಕಥೆ ಅವನನ್ನು ಹೆಚ್ಚಾಗಿ ಹಿಂಬಾಲಿಸುವುದಿಲ್ಲ. ಆ ಕುಟುಂಬದಲ್ಲಿ ಹೊಸ ಸಮಾಜವೊಂದನ್ನು ಸೇರಲು ಸಾಹಸ ಮಾಡಿದವನು ಅವನೊಬ್ಬನೇ. ಅಲ್ಲಿ ಅವನು ಕೂಡಿಕೊಂಡನೇ, ಅಲ್ಲಿಯೂ ಬೇರೊಂದು ಪಂಕ್ತಿಯಲ್ಲಿ ಕುಳಿತನೇ? ಕಾದಂಬರಿ ಇದಕ್ಕೆ ಉತ್ತರಿಸದು. ಬೆಳ್ಳಿಯ ವಿಷಯದಲ್ಲಿ ಈ ಮೌನ ಇನ್ನೂ ಗಾಢವಾದುದು. ತಂದೆಯ ಸಾಲಕ್ಕೆ ಅವಳು ತನ್ನ ಮೈಯನ್ನು ತೆತ್ತಳು. ತಂದೆಯ ಕೋಪಕ್ಕೂ ಅವಳೇ ಗುರಿಯಾದಳು. ಒಡೆಯನ ಸೊತ್ತಾಗಿ ಬಾಳಿದವನಿಗೆ ಮಗಳು ತನ್ನ ಸೊತ್ತಲ್ಲವೆಂದು ಹೊಳೆಯುವುದಿಲ್ಲ. ಈ ದೃಷ್ಟಿಯಿಂದ ನೋಡಿದರೆ ನಾದಿರಾಳಿಗೆ ಅತ್ಯಂತ ಸಮೀಪದವಳು ಬೆಳ್ಳಿ. ೧೯೩೩ರಲ್ಲಿ ಅರ್ಧಕ್ಕೆ ನಿಂತ ಅವಳ ಮಾತು ೧೯೮೪ರಲ್ಲಿ ಬೇರೊಂದು ಸಮುದಾಯದ ಹೆಣ್ಣಿನ ಮೂಲಕ ಮುಂದುವರಿದಂತಾಯಿತು. ಹಾಗೆ ಮುಂದುವರಿದರೂ ಅದು ಸಾವಿನಲ್ಲಿಯೇ ನಿಂತಿತು. ಚೋಮನಿಗಾದರೂ ದುಡಿಯಿತ್ತು, ಈ ಇಬ್ಬರು ಹೆಣ್ಣುಮಕ್ಕಳ ಕೈಯಲ್ಲಿ ಅದೂ ಇಲ್ಲ.

ಇನ್ನೊಂದು ಆಕ್ಷೇಪವನ್ನೂ ಇಲ್ಲಿ ಪರಿಶೀಲಿಸಬೇಕು. ಚೋಮನನ್ನು ಕುರಿತು ಬರೆದವರು ಚೋಮನ ಕೇರಿಯವರಲ್ಲ. ಆದುದರಿಂದ ಅವನಿಗೆ ಸಂದದ್ದು ಅನುಕಂಪ ಮಾತ್ರವೆಂಬ ವಾದ, ದಲಿತ ಲೇಖಕರು ಬರೆಯತೊಡಗಿದ ೧೯೭೦ರ ದಶಕದಿಂದೀಚೆಗೆ ಬಲವಾಗಿ ಕೇಳಿಬಂದಿದೆ. ದೇವನೂರ ಮಹಾದೇವರ ‘ಒಡಲಾಳ’ವನ್ನೂ ‘ಚೋಮನ ದುಡಿ’ಯನ್ನೂ ಒಟ್ಟಿಗೆ ಓದಿದ ವಿದ್ಯಾರ್ಥಿಗೆ ಈ ವಾದದ ಸತ್ಯಾಂಶ ಸುಲಭವಾಗಿ ತಿಳಿಯುತ್ತದೆ: ಮಹಾದೇವರ ಜನ ತಮ್ಮ ಕಷ್ಟದ ನಡುವೆ ನಗಬಲ್ಲರು, ಜಗಳವಾಡಬಲ್ಲರು, ತಮ್ಮೊಳಗೊಂದು ಲೋಕವನ್ನು ಹೊಂದಿದ್ದಾರೆ. ಚೋಮನನ್ನು ನಾವು ಹೆಚ್ಚಾಗಿ ಊರಿನ ದಿಕ್ಕಿನಿಂದ ನೋಡುತ್ತೇವೆ. ಆದರೂ ಕಾರಂತರು ಊರನ್ನು ಚೋಮನ ದಿಕ್ಕಿನಿಂದ ನೋಡುವ ಪ್ರಯತ್ನವನ್ನು, ಅಂಥ ಪ್ರಯತ್ನ ವಿರಳವಾಗಿದ್ದ ಕಾಲದಲ್ಲಿ, ಮಾಡಿದರು. ಒಳಗಿನಿಂದ ಬರೆದುದಕ್ಕೆ ಇರುವ ಅಧಿಕಾರ ಹೊರಗಿನಿಂದ ಬರೆದುದಕ್ಕಿಲ್ಲ. ಹೊರಗಿನಿಂದ ಬರೆದುದು ಹೊರಗಿನವರ ಮನಸ್ಸಾಕ್ಷಿಗೆ ತಟ್ಟುವ ಬಗೆ ಬೇರೆ. ಒಂದಕ್ಕಾಗಿ ಇನ್ನೊಂದನ್ನು ತೊರೆಯಬೇಕಾಗಿಲ್ಲ.

ಈ ಕೃತಿಗಳು ಚಿತ್ರಿಸಿದ ಕಾಲ ಸಂದುಹೋಯಿತೆಂದು ಹೇಳುವವರಿದ್ದಾರೆ. ಸಂವಿಧಾನದ ೧೭ನೆಯ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿತು; ೧೯೫೫ರಲ್ಲಿ ಅದನ್ನು ಶಿಕ್ಷಾರ್ಹವನ್ನಾಗಿ ಮಾಡುವ ಕಾಯಿದೆ ಬಂದಿತು. ೧೯೭೪ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಗೇಣಿಪದ್ಧತಿ ರದ್ದಾಗಿ ಉಳುವವನಿಗೆ ಭೂಮಿಯ ಒಡೆತನ ದೊರೆಯಿತು. ೨೦೧೭ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದೇ ಉಸಿರಿನ ಮೂರು ತಲಾಖನ್ನು ಅಸಿಂಧುವೆಂದು ಸಾರಿತು. ೨೦೧೯ರಲ್ಲಿ ಅದರ ಬಗ್ಗೆ ಕಾಯಿದೆಯಾಯಿತು. ಇವು ಸಣ್ಣ ಮಾತುಗಳಲ್ಲ. ಆದರೆ ೧೯೭೪ರ ಕಾಯಿದೆ ಭೂಮಿ ಕೊಟ್ಟದ್ದು ಗೇಣಿದಾರನಿಗೆ. ಚೋಮನಿಗೆ ಗೇಣಿಯೇ ಸಿಕ್ಕಿರಲಿಲ್ಲವೆಂಬುದನ್ನು ನೆನೆದರೆ, ಆಳಾಗಿ ದುಡಿದವನು ಆ ದೊಡ್ಡ ಸುಧಾರಣೆಯ ಬಾಗಿಲಿನಲ್ಲಿಯೂ ಹೊರಗೆ ನಿಲ್ಲಬೇಕಾಯಿತೆಂಬುದು ತಿಳಿಯುತ್ತದೆ. ಸಾಹಿತ್ಯಕೃತಿಯೊಂದು ನಾಲ್ಕು ದಶಕ ಮುಂಚಿತವಾಗಿ ಗುರುತಿಸಿದ ಬಿರುಕು ಅದು. ಕಾಯಿದೆಯು ಒಡೆತನದ ಸೇರುವಿಕೆಯನ್ನು ತಿದ್ದಬಲ್ಲದು. ಕೂಡಿಕೊಳ್ಳುವ ಸೇರುವಿಕೆಗೆ ದಾರಿಮಾಡಿಕೊಡಬಲ್ಲದು. ‘ಸೇರುವುದಿಲ್ಲ’ ಎನ್ನುವ ಮನಸ್ಸನ್ನು ತಿದ್ದುವ ಕೆಲಸ ಅದರ ಕೈಗೆ ಮೀರಿದ್ದು.

ಅಧ್ಯಾಪಕರಾದ ನಮಗೆ ಇದರಲ್ಲಿ ಒಂದು ಹೊಣೆಯಿದೆ. ಇಂದು ಇದೇ ಜಿಲ್ಲೆಯ ಕಾಲೇಜುಗಳ ಒಂದೇ ಬೆಂಚಿನ ಮೇಲೆ ಚೋಮನ ಕೇರಿಯಿಂದ ಬಂದವರೂ, ಸಂಕಪ್ಪಯ್ಯನ ಮನೆತನದಂಥ ಮನೆಗಳಿಂದ ಬಂದವರೂ, ನಾದಿರಾಳ ಊರಿನ ಕಡೆಯ ಹೆಣ್ಣುಮಕ್ಕಳೂ ಕುಳಿತು ಈ ಪಾಠಗಳನ್ನು ಕೇಳುತ್ತಾರೆ. ‘ಚೋಮನು ಏಕೆ ಸೋತನು’ ಎಂದು ನಾವು ಪ್ರಶ್ನೆ ಕೊಟ್ಟಾಗ, ಅವನ ದೌರ್ಬಲ್ಯಗಳ ಪಟ್ಟಿಯೇ ಉತ್ತರವಾಗಿ ಬರುತ್ತದೆ. ‘ನೀಲನು ಮುಳುಗುವಾಗ ದಡದಲ್ಲಿದ್ದವರು ಏನನ್ನು ಕಳೆದುಕೊಳ್ಳಲು ಹೆದರಿದರು’ ಎಂದು ಕೇಳಿದರೆ ಬರುವ ಉತ್ತರವೇ ಬೇರೆ. ಹೊರಗೆ ನಿಂತವನನ್ನು ವಿಚಾರಿಸುವುದು ಸುಲಭ. ಒಳಗಿದ್ದವರನ್ನು ವಿಚಾರಿಸಲು ಈ ಎರಡು ಕಾದಂಬರಿಗಳು ನಮಗೆ ಎಡೆಮಾಡಿಕೊಟ್ಟಿವೆ. ಗುರುವ ಮತ್ತು ಬೆಳ್ಳಿಯರ ಉಳಿದ ಕಥೆಯನ್ನು ಕರಾವಳಿಯ ಮುಂದಿನ ಬರವಣಿಗೆಯಲ್ಲಿ, ಬೊಳುವಾರು ಮಹಮದ್ ಕುಂಞಿಯವರ ಮುತ್ತುಪ್ಪಾಡಿಯ ಕಥೆಗಳಿಂದ ಮೊದಲುಗೊಂಡು ಇತ್ತೀಚಿನ ದಲಿತ ಬರಹಗಳವರೆಗೆ ಹುಡುಕಿ ನೋಡುವುದು ನಮ್ಮ ಸಂಶೋಧನಾ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಸಾರ್ಥಕ ಕಾರ್ಯ. ಆ ಕೆಲಸಕ್ಕೆ ಈ ಕಿರುವಿವೇಚನೆ ಪೀಠಿಕೆಯಾದರೆ ಲೇಖಕನ ಶ್ರಮ ಸಾರ್ಥಕವಾದಂತೆ.